ಡ್ರೈಯರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಪ್ರಶ್ನೆ: ನಮ್ಮದು 7 ಕೆಜಿ ಸೆಮಿ ಆಟೊಮ್ಯಾಟಿಕ್ ವಾಶಿಂಗ್ ಮೆಷಿನ್. ವಾಶ್ ಕಡೆ ಚೆನ್ನಾಗಿ ತಿರುಗುತ್ತದೆ. ಡ್ರೈಯರ್ ಟೈಮರ್ ತಿರುಗಿಸಿದರೆ ಗುಂಯ್ ಅಂತ ಸದ್ದು ಮಾತ್ರ, ಡ್ರಮ್ ಅಲ್ಲಾಡುವುದೇ ಇಲ್ಲ. ರಿಪೇರಿಗೆ ಬಂದವರು ಮೆಷಿನ್ ಬಿಚ್ಚದೆಯೇ "ಮೋಟರ್ ಹೋಗಿದೆ" ಅಂದರು. ವಾಶ್ ನಡೆಯುತ್ತಿದೆಯಲ್ಲ, ಮೋಟರ್ ಹೋಗಿರಲು ಹೇಗೆ ಸಾಧ್ಯ? ಮಳೆ ಬೇರೆ ಹಿಡಿದಿದೆ, ಮನೆ ತುಂಬಾ ಒದ್ದೆ ಬಟ್ಟೆ.

ಮೆಕ್ಯಾನಿಕ್: ಸೆಮಿ ಆಟೊಮ್ಯಾಟಿಕ್‌ನಲ್ಲಿ ವಾಶ್‌ಗೆ ಒಂದು, ಡ್ರೈಯರ್‌ಗೆ ಒಂದು, ಎರಡು ಮೋಟರ್ ಇರುತ್ತವೆ. ಹಾಗಾಗಿ ಅವರು ಹೇಳಿದ್ದು ಆಗದ ಮಾತೇನಲ್ಲ. ಆದರೆ ಬಿಚ್ಚಿ ನೋಡದೆ ಹೇಳಿದ್ದು ಸರಿಯಲ್ಲ. ಗುಂಯ್ ಅನ್ನುತ್ತಿದೆ ಅಂದರೆ ಮೋಟರ್‌ವರೆಗೆ ಕರೆಂಟ್ ಬರುತ್ತಿದೆ. ಟೈಮರ್, ಮುಚ್ಚಳದ ಸ್ವಿಚ್ ಸರಿ ಇವೆ. ಸದ್ದೇ ಇಲ್ಲದಿದ್ದರೆ ಮೊದಲು ಅವೆರಡನ್ನೇ ನೋಡುತ್ತಿದ್ದೆ.

ಈಗ ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ. ಡ್ರೈಯರ್ ಮುಚ್ಚಳ ಹಾಕಿಯೇ ಇರಲಿ. ಡ್ರೈಯರ್ ಮೋಟರ್ ಮೇಲೆ ದುಂಡಗೆ ಬ್ರೇಕ್ ಡ್ರಮ್ ಕಾಣುತ್ತದೆ, ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಮೋಟರ್ ತಿರುಗಲು ಒತ್ತು ಕೊಡುವ ಬಿಡಿಭಾಗ, ಅಂದರೆ ಕೆಪಾಸಿಟರ್ ಮೇಲೆ ಅನುಮಾನ. ಎಷ್ಟೋ ಮೆಷಿನ್‌ಗಳಲ್ಲಿ ಎರಡೂ ಮೋಟರ್‌ಗೆ ಒಂದೇ ಕೆಪಾಸಿಟರ್ ಡಬ್ಬಿ ಇರುತ್ತದೆ, ಮೇಲೆ 10+5 ಮೈಕ್ರೊಫ್ಯಾರಡ್ (ಕೆಪಾಸಿಟರ್ ಅಳತೆ) ಅಂತ ಏನೋ ಬರೆದಿರುತ್ತದೆ. ದೊಡ್ಡದು ವಾಶ್‌ಗೆ, ಚಿಕ್ಕದು ಡ್ರೈಯರ್‌ಗೆ. ಚಿಕ್ಕದು ಮಾತ್ರ ಸತ್ತರೆ ನೀವು ಹೇಳಿದ ಹಾಗೇ ಆಗುತ್ತದೆ. ಹಾಕುವಾಗ ಅದೇ ಮೈಕ್ರೊಫ್ಯಾರಡ್, 440 ವೋಲ್ಟ್‌ನದ್ದೇ ಹಾಕಿಸಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ನೀವು ಮುಟ್ಟಬೇಡಿ. ಗುಂಯ್ ಅನ್ನುವಾಗ "ಇನ್ನೊಂದು ಸಲ ನೋಡೋಣ" ಅಂತ ಸುಮ್ನೆ ಆನ್ ಮಾಡುತ್ತಲೂ ಇರಬೇಡಿ. ಚೆನ್ನಾಗಿದ್ದ ಮೋಟರ್ ಸುಡುವುದು ಆಗಲೇ.

ಕೇಳಿದವರು: ಬಿಚ್ಚಿದೆವು. ಡ್ರಮ್ ತುಂಬಾ ಬಿಗಿ. ಪಕ್ಕದಲ್ಲಿ ಒಂದು ವೈರ್ ಜೋತು ಬಿದ್ದಿದೆ.

ಮೆಕ್ಯಾನಿಕ್: ಅದೇ ಬ್ರೇಕ್ ವೈರ್. ಮುಚ್ಚಳ ಹಾಕಿದಾಗ ಅದು ಬ್ರೇಕನ್ನು ಎಳೆದು ಹಿಡಿಯಬೇಕು, ಆಗ ಡ್ರಮ್ ಬಿಡುತ್ತದೆ. ಈಗ ಕೊಂಡಿ ಕಳಚಿದೆ, ಬ್ರೇಕ್ ಕಚ್ಚಿಕೊಂಡೇ ಇದೆ. ಕೊಂಡಿ ಸಿಕ್ಕಿಸಿ ಮತ್ತೆ ತಿರುಗಿಸಿ ನೋಡಿ. ಆಗಲೂ ಬಿಗಿ ಇದ್ದರೆ ಬಟ್ಟೆ ಹಾಕುವ ಡ್ರಮ್ ಕೆಳಗೆ ಕರ್ಚೀಫೋ ಮಗುವಿನ ಸಾಕ್ಸೋ ಸುತ್ತಿಕೊಂಡಿರಬಹುದು. ಕೆಲವರು ತಲೆನೋವೇ ಬೇಡ ಅಂತ ಬ್ರೇಕನ್ನೇ ಕಿತ್ತುಹಾಕುತ್ತಾರೆ. ಅದಕ್ಕೆ ಒಪ್ಪಬೇಡಿ. ಮುಚ್ಚಳ ತೆಗೆದ ಮೇಲೂ ಡ್ರಮ್ ಜೋರಾಗಿ ತಿರುಗುತ್ತಿರುತ್ತದೆ, ಮಕ್ಕಳು ಕೈ ಹಾಕಿಬಿಡುತ್ತಾರೆ.

ಇನ್ನೊಂದು, ಮೋಟರ್ ಮೇಲೆ ತುಕ್ಕು ಅಥವಾ ನೀರಿನ ಕಲೆ ಇದೆಯಾ ನೋಡಿ. ಇದ್ದರೆ ಮೇಲಿನ ರಬ್ಬರ್ ಸೀಲ್ ಸೋರುತ್ತಿದೆ. ಅದನ್ನು ಬಿಟ್ಟರೆ ಮೋಟರ್ ನಿಜವಾಗಿಯೂ ಹೋಗುತ್ತದೆ.

ಕೇಳಿದವರು: ಕೊಂಡಿ ಹಾಕಿದೆವು, ಓಡಿತು! ತುಕ್ಕು ಇಲ್ಲ.

ಇನ್ನೊಬ್ಬ ಸದಸ್ಯೆ: ನಮ್ಮದು ಉಲ್ಟಾ. ಡ್ರೈಯರ್ ಸರಿ ಇದೆ. ವಾಶ್ ಕಡೆ ಮೋಟರ್ ಓಡುವ ಸದ್ದು ಬರುತ್ತದೆ, ತಳದ ಚಕ್ರ ಮಾತ್ರ ನಿಂತಲ್ಲೇ ಇದೆ.

ಮೆಕ್ಯಾನಿಕ್: ಮೋಟರ್ ಆರಾಮಾಗಿ ಓಡುತ್ತಿದ್ದರೆ ಬೆಲ್ಟ್ ತುಂಡಾಗಿರಬೇಕು ಅಥವಾ ಪುಲ್ಲಿಯಿಂದ ಕಳಚಿರಬೇಕು. ಬೆಲ್ಟ್ ಸರಿ ಇದ್ದರೆ ಚಕ್ರದ ನಡುವಿನ ಸ್ಕ್ರೂ ಬಿಚ್ಚಿ ಮೇಲೆತ್ತಿ. ಶಾಫ್ಟ್ ಕೂರುವ ಹಲ್ಲು ಸವೆದು ನುಣ್ಣಗಾಗಿದ್ದರೆ ಚಕ್ರ ಬದಲಿಸಿದರೆ ಸಾಕು. ಬಟ್ಟೆ ಜಾಸ್ತಿ ತುರುಕುವವರ ಮನೆಯಲ್ಲೇ ಇದನ್ನು ಹೆಚ್ಚು ನೋಡಿದ್ದೇನೆ, ಬೇಜಾರಾಗಬೇಡಿ.

ಸದಸ್ಯೆ: ಬೆಲ್ಟೇ ತುಂಡಾಗಿದೆ. ಅಂಚೆಲ್ಲ ಕಡಿದ ಹಾಗಿದೆ.

ಮೆಕ್ಯಾನಿಕ್: ಇಲಿ. ತಳ ತೆರೆದಿದ್ದರೆ ಒಳಗೇ ಸಂಸಾರ ಹೂಡುತ್ತವೆ. ವೈರ್‌ಗಳನ್ನೂ ಪೂರ್ತಿ ನೋಡದೆ ಆನ್ ಮಾಡಬೇಡಿ. ಬೆಲ್ಟ್ ಮೇಲೆ ಸೈಜ್ ನಂಬರ್ ಇರುತ್ತದೆ, ಆ ತುಂಡನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಬರುವಾಗ ತಳಕ್ಕೊಂದು ಜಾಲರಿಯನ್ನೂ ತನ್ನಿ.