ತೋಟದಲ್ಲಿ ಸಿಕ್ಕ ಕಬ್ಬಿಣದ ಗುಂಡು ಫಿರಂಗಿಯದೇ? ಬೆಲೆ ಎಷ್ಟಿರಬಹುದು?

ಪ್ರಶ್ನೆ:
ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ (ಮಳೆನೀರು ಇಂಗಿಸುವ ಗುಂಡಿ) ತೆಗೆಯುವಾಗ, ಎರಡಡಿ ಆಳದಲ್ಲಿ ಹಾರೆಗೆ ತಾಗಿ ಕಬ್ಬಿಣದ ಗುಂಡೊಂದು ಸಿಕ್ಕಿದೆ. ಕರಿಮೆಣಸು ತೂಗುವ ತಕ್ಕಡಿಯಲ್ಲಿ 2 ಕಿಲೋ 650 ಗ್ರಾಂ ಬಂತು. ದಾರ ಸುತ್ತಿ ಅಳೆದರೆ ಸುತ್ತಳತೆ 28 ಸೆಂಟಿಮೀಟರ್. ನಡುವೆ ತೆಳುವಾದ ಏಣೊಂದಿದೆ, ತೂತು ಕಾಣುವುದಿಲ್ಲ. ಟಿಪ್ಪುವಿನ ಕಾಲದ್ದೆಂದು ಮನೆಯ ಹಿರಿಯರು ಹೇಳುತ್ತಾರೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಅಜ್ಜ ಸೇನೆಯಿಂದ ತಂದಿದ್ದ ಹಿತ್ತಾಳೆಯ ಶೆಲ್ ಕೇಸೊಂದು (ಫಿರಂಗಿಯ ಮದ್ದು ತುಂಬುವ ಕೊಳವೆ) ಹೂದಾನಿಯಾಗಿ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿದೆ. ಇವುಗಳ ಬೆಲೆ ತಿಳಿಯುವುದು ಹೇಗೆ?

ಉತ್ತರ 1:
ಸರ್, ಮೊದಲು ಅದು ಗಟ್ಟಿಯೋ ಟೊಳ್ಳೋ ಎಂಬುದು ತೀರ್ಮಾನವಾಗಬೇಕು, ಏಕೆಂದರೆ ಟೊಳ್ಳು ಗುಂಡಿನೊಳಗೆ ಉಳಿದ ಮದ್ದು ನೂರಾರು ವರ್ಷಗಳ ನಂತರವೂ ಸಿಡಿಯಬಲ್ಲದು. ನಿಮ್ಮ ಸುತ್ತಳತೆಯಿಂದ ವ್ಯಾಸ ಸುಮಾರು 8.9 ಸೆಂಟಿಮೀಟರ್ ಎಂದಾಗುತ್ತದೆ. ಗಾತ್ರ ಸುಮಾರು 370 ಘನ ಸೆಂಟಿಮೀಟರ್. ಎರಕದ ಕಬ್ಬಿಣ ಘನ ಸೆಂಟಿಮೀಟರಿಗೆ 7.2 ಗ್ರಾಂ ತೂಗುವುದರಿಂದ ಗಟ್ಟಿ ಗುಂಡು 2,660 ಗ್ರಾಂ ಆಸುಪಾಸು ಇರಬೇಕು. ನಿಮ್ಮದು ಅಷ್ಟೇ ಇದೆ. ಆರು ಪೌಂಡಿನ ಫಿರಂಗಿ ಗುಂಡಿನ ತೂಕ 2.72 ಕಿಲೋ, ತುಕ್ಕು ತಿಂದದ್ದನ್ನು ಸೇರಿಸಿದರೆ ಲೆಕ್ಕ ಕೂಡುತ್ತದೆ. ಏಣು ಎರಡು ಭಾಗದ ಅಚ್ಚು ಕೂಡಿದ ಗುರುತು. ಆದರೂ ಅದಿರು ಅರೆಯುವ ಗಿರಣಿಯ ಗುಂಡಿಗೂ ಹಳೆಯ ಗುಂಡೆಸೆತದ ಗುಂಡಿಗೂ ಇಂಥ ಏಣು ಇರಬಹುದಾದ್ದರಿಂದ, ತೂಕವೊಂದನ್ನೇ ನಂಬಿ ಫಿರಂಗಿಯದೆಂದು ಘೋಷಿಸಬೇಡಿ. ಯಾರದೆಂಬುದಂತೂ ಗುಂಡಿನಿಂದ ತಿಳಿಯದು: ಈ ಅಳತೆಯ ಗುಂಡನ್ನು ಮೈಸೂರಿನವರೂ ಬಳಸಬಹುದಿತ್ತು, 1834ರಲ್ಲಿ ಕೊಡಗಿಗೆ ನುಗ್ಗಿದ ಈಸ್ಟ್ ಇಂಡಿಯಾ ಕಂಪನಿಯ ಸೇನೆಯೂ ತಂದಿರಬಹುದು.

ಉತ್ತರ 2:
ಬೆಲೆಯ ಮಾತಿಗೆ ಬಂದರೆ, ಸಿಕ್ಕಿದ ಜಾಗದ ದಾಖಲೆಯಿಲ್ಲದ ಗುಂಡಿಗೆ ಗುಜರಿಯ ಬೆಲೆಗಿಂತ ಹೆಚ್ಚೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಗುಂಡಿಯ ಆಳ, ಮಣ್ಣಿನ ಬಣ್ಣ, ಪಕ್ಕದಲ್ಲಿ ಸಿಕ್ಕ ಚೂರುಗಳ ಫೋಟೋ ಇಂದೇ ತೆಗೆದಿಡಿ. ನೂರು ವರ್ಷ ಮೀರಿದ ವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಆದ್ದರಿಂದ ಗುಜರಿಯವರನ್ನು ಕಳುಹಿಸಿಬಿಟ್ಟು, ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ. ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ವಿಚಾರಿಸಬಹುದು.

ಹೂದಾನಿಯ ತಳ ನೋಡಿದ್ದೀರಾ? ಅಲ್ಲಿ ತೂಕದ ವರ್ಗ, ವರ್ಷ, ತಯಾರಕರ ಗುರುತು ಒತ್ತಿರುತ್ತವೆ. ಎರಡನೆಯ ಮಹಾಯುದ್ಧದ 25 ಪೌಂಡರ್ ಫಿರಂಗಿಯ ಕೇಸುಗಳು ಇಂಥ ಹೂದಾನಿಗಳಾಗುವುದು ಸಾಮಾನ್ಯ. ತಳದ ನಡುವಿನ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಭಾಗದಲ್ಲಿ) ಸೂಜಿ ಬಡಿದ ಕುಳಿ ಇಲ್ಲದಿದ್ದರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು:
ಕುಳಿ ಸ್ಪಷ್ಟವಾಗಿದೆ, ವರ್ಷ 1942 ಎಂದು ಓದಲಾಗುತ್ತದೆ. ಗುಂಡಿನ ಒಂದು ಮಗ್ಗುಲನ್ನು ಮಾತ್ರ ಹೊಳಪು ಬರಲೆಂದು ನಿನ್ನೆ ಮರಳುಕಾಗದದಿಂದ ಉಜ್ಜಿಬಿಟ್ಟಿದ್ದೇನೆ.

ಉತ್ತರ 1:
ಅಯ್ಯೋ! ಉಳಿದ ಮಗ್ಗುಲನ್ನಾದರೂ ಬಿಟ್ಟುಬಿಡಿ, ಮಳೆಗಾಲದ ತೇವ ತಾಗದಂತೆ ಒಣ ಜಾಗದಲ್ಲಿ ಇಡಿ.