ಒಟ್ಟು ತೂಕ ಸರಿ ಇದೆ, ಹಾರ್ಸ್‌ನ ಹಿಂದಿನ ಆಕ್ಸಲ್ ಮೇಲೆ ಮಾತ್ರ 13.9 ಟನ್. ಲೋಬೆಡ್‌ನಲ್ಲಿ ಹಿಟಾಚಿ ಎಲ್ಲಿ ನಿಲ್ಲಿಸಬೇಕು?

ಹಾಸನ_ಲೋಬೆಡ್:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಆಕ್ಸಲ್ ಹಾರ್ಸ್ (ಎಳೆಯುವ ಮುಂದಿನ ಗಾಡಿ), ಅದಕ್ಕೆ ಮೂರು ಆಕ್ಸಲ್ ಲೋಬೆಡ್ (ತಗ್ಗು ಡೆಕ್‌ನ ಟ್ರೇಲರ್). 20 ಟನ್ ಹಿಟಾಚಿ ಹತ್ತಿಸಿಕೊಂಡು ಶಿರಾಡಿ ಘಾಟಿ ಇಳಿಯಬೇಕು (ಹಿಟಾಚಿ ಅಂದರೆ ಬೇರೆ ಕಂಪನಿದೇ, ಮಣ್ಣು ಅಗೆಯುವ ಮೆಷಿನ್ ಎಲ್ಲದಕ್ಕೂ ನಾವು ಹಾಗೇ ಅನ್ನೋದು ಅಲ್ವಾ). ವೇಬ್ರಿಡ್ಜ್‌ನಲ್ಲಿ ಒಟ್ಟು 38,500 ಕೆಜಿ ಬಂತು. 45.5 ಟನ್‌ವರೆಗೆ ಪರ್ಮಿಟ್ ಇದೆ, ಹಾಗಾಗಿ ನಿಶ್ಚಿಂತೆಯಾಗಿದ್ದೆ. ಸುಮ್ನೆ ಕುತೂಹಲಕ್ಕೆ ಬೇರೆ ಬೇರೆ ತೂಗಿಸಿದರೆ ಸ್ಟೇರಿಂಗ್ ಆಕ್ಸಲ್ 6,100, ಹಾರ್ಸ್‌ನ ಹಿಂದಿನದು 13,900, ಟ್ರೇಲರ್‌ನ ಮೂರೂ ಸೇರಿ 18,500. ಹಿಂದಿನ ಟೈರ್ ಕೂಡ ಬೇಗ ಕಾಯುತ್ತಿದೆ. ಸ್ಪ್ರಿಂಗ್ ಪ್ಲೇಟ್ ಒಂದು ಜಾಸ್ತಿ ಹಾಕಿಸಿದರೆ ಸರಿ ಹೋಗುತ್ತಾ?

ಗ್ರೀಸ್_ಕೈ:
ಪ್ಲೇಟ್ ಹಾಕಿಸಿದರೆ ಗಾಡಿ ಕೂರುವುದು ನಿಲ್ಲುತ್ತೆ, ತೂಕ ಎಲ್ಲಿಗೂ ಹೋಗಲ್ಲ. 2018ರಲ್ಲಿ ಮಿತಿ ಏರಿಸಿದ ಮೇಲೂ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ ಇರೋದು 11.5 ಟನ್, ಟ್ರೇಲರ್‌ನ ಮೂರು ಆಕ್ಸಲ್‌ಗೆ 27. ನಿಮ್ಮ ಟ್ರೇಲರ್ ಎಂಟೂವರೆ ಟನ್ ಖಾಲಿ ಇಟ್ಟುಕೊಂಡು ಆರಾಮಾಗಿ ಬರುತ್ತಿದೆ, ಹಾರ್ಸ್ ಒದ್ದಾಡುತ್ತಿದೆ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಟನ್‌ಗೆ 2,000. ತೂಗಿದ್ದು ಹೇಗೆ? ಪ್ಲಾಟ್‌ಫಾರ್ಮ್‌ಗೂ ರಸ್ತೆಗೂ ಒಂದೇ ಮಟ್ಟ ಇತ್ತಾ?

ಹಾಸನ_ಲೋಬೆಡ್:
ಮಟ್ಟ ಸರಿ ಇತ್ತು ಅಣ್ಣ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಾರ್ಸ್ ಪೂರ್ತಿ, ಕೊನೆಗೆ ಗಾಡಿ ಪೂರ್ತಿ, ಕಳೆದು ನೋಡಿದ್ದು. ಬ್ರೇಕ್ ಹಿಡಿಯದೆ, ನ್ಯೂಟ್ರಲ್‌ನಲ್ಲಿ.

ಘಾಟಿ_ಸವಾರ:
ಬಕೆಟ್ ಗೂಸ್‌ನೆಕ್ (ಟ್ರೇಲರ್ ಮುಂದಿನ ಎತ್ತರದ ಕತ್ತು) ಮೇಲೆ ಒತ್ತಿ ಕೂತಿರಬೇಕು. ಬೂಮ್ (ಮೆಷಿನ್ ತೋಳು) ಸ್ವಲ್ಪ ಎತ್ತಿ ನೋಡಿ, ಭಾರ ಇಳಿಯುತ್ತೆ.

ಗ್ರೀಸ್_ಕೈ:
ಇಲ್ಲ ಮಾರಾಯ್ರೇ, ಇದನ್ನು ಎಲ್ಲರೂ ಹೇಳ್ತಾರೆ, ತಪ್ಪು. ಮೆಷಿನ್ ಪೂರ್ತಿ ಒಂದೇ ಟ್ರೇಲರ್ ಮೇಲೆ ಕೂತಿದೆ. ಬಕೆಟ್ ಒತ್ತಿದರೆ ಚೈನ್ (ಮೆಷಿನ್ ಓಡುವ ಪಟ್ಟಿ) ಮೇಲೆ ಅಷ್ಟೇ ಹಗುರ ಆಗುತ್ತೆ. ಆಕ್ಸಲ್‌ಗೆ ಗೊತ್ತಾಗೋದು ಮೆಷಿನ್‌ನ ಭಾರದ ನಡು ಎಲ್ಲಿದೆ ಅನ್ನೋದು ಮಾತ್ರ. ಬೂಮ್ ಮಡಚಿದರೆ, ಚಾಚಿದರೆ ಆ ನಡು ಸರಿಯುತ್ತೆ, ಅದು ಬೇರೆ ಮಾತು. ಇಬ್ಬರು ಕೋಲಿಗೆ ಮೂಟೆ ಕಟ್ಟಿ ಹೊರುವಾಗ ಮೂಟೆ ಯಾರ ಕಡೆ ಜಾರುತ್ತೋ ಅವನ ಹೆಗಲೇ ನೋಯೋದು. ಇಲ್ಲಿ ಒಂದು ಹೆಗಲು ಕಿಂಗ್‌ಪಿನ್ (ಟ್ರೇಲರ್ ಹಾರ್ಸ್‌ಗೆ ಸೇರುವ ಗೂಟ), ಇನ್ನೊಂದು ಟ್ರೇಲರ್‌ನ ನಡು ಆಕ್ಸಲ್.

ಲೆಕ್ಕ ಸುಲಭ. ಕಿಂಗ್‌ಪಿನ್‌ನಿಂದ ನಡು ಆಕ್ಸಲ್‌ಗೆ ಎಷ್ಟು ಮೀಟರ್? ಗೂಸ್‌ನೆಕ್ ಮೇಲೆ ಬೇರೆ ಏನಾದ್ರೂ ಇದೆಯಾ?

ಹಾಸನ_ಲೋಬೆಡ್:
9 ಮೀಟರ್. ಗೂಸ್‌ನೆಕ್ ಮೇಲೆ... ಹಾಂ, ಬ್ರೇಕರ್ (ಕಲ್ಲು ಒಡೆಯೋದು) ಇದೆ. ಒಂದೂವರೆ ಟನ್. ಮರೆತೇಬಿಟ್ಟಿದ್ದೆ, ಯಾವಾಗಲೂ ಅಲ್ಲೇ ಇರುತ್ತೆ.

ಗ್ರೀಸ್_ಕೈ:
ಅರ್ಧ ಕಾಯಿಲೆ ಅದೇ! ಅಲ್ಲಿ ಇಟ್ಟಿದ್ದು ಹೆಚ್ಚೂಕಮ್ಮಿ ಪೂರ್ತಿ ಕಿಂಗ್‌ಪಿನ್ ಮೇಲೇ ಬೀಳುತ್ತೆ, ಅದರಲ್ಲಿ ಒಂದು ಪಾಲು ಸ್ಟೇರಿಂಗ್‌ಗೆ, ಏಳು ಪಾಲು ಹಿಂದಿನ ಆಕ್ಸಲ್‌ಗೆ ಅಂತ ಇಟ್ಟುಕೊಳ್ಳಿ (ಕಿಂಗ್‌ಪಿನ್ ಕೂರುವ ತಟ್ಟೆ, ಅಂದರೆ ನಿಮ್ಮ ಫಿಫ್ತ್ ವೀಲ್, ಎಷ್ಟು ಮುಂದಿದೆ ಅನ್ನೋದರ ಮೇಲೆ ಬದಲಾಗುತ್ತೆ). ಬ್ರೇಕರ್ ಎತ್ತಿ ಟ್ರೇಲರ್ ಚಕ್ರದ ಮೇಲೆ ಹಾಕಿ. ಹಿಂದಿನ ಆಕ್ಸಲ್‌ನಿಂದ ಸುಮಾರು 1.2 ಟನ್ ಹೋಯಿತು.

ಮಿಕ್ಕಿದ್ದಕ್ಕೆ ಮೆಷಿನ್ ಹಿಂದೆ ಸರಿಸಿ. 20 ಟನ್ ಒಂದು ಅಡಿ ಹಿಂದೆ ಹೋದರೆ, 20 ಗುಣಿಸು 0.305 ಭಾಗಿಸು 9, ಕಿಂಗ್‌ಪಿನ್ ಮೇಲೆ ಸುಮಾರು 680 ಕೆಜಿ ಕಮ್ಮಿ, ಹಿಂದಿನ ಆಕ್ಸಲ್‌ಗೆ ಸುಮಾರು 600. ಎರಡೂವರೆ ಅಡಿ ಸಾಕು. ಅದಕ್ಕಿಂತ ಜಾಸ್ತಿ ಬೇಡ, ವಾಪಸ್ ಬರುವಾಗ ಘಾಟಿ ಹತ್ತಬೇಕಲ್ಲ, ಹಾರ್ಸ್ ಹಗುರ ಆದರೆ ಮಳೆಯಲ್ಲಿ ಚಕ್ರ ಸುತ್ತಿಕೊಂಡೇ ಇರುತ್ತೆ.

ಘಾಟಿ_ಸವಾರ:
ಒಪ್ಪಿದೆ, ಬಕೆಟ್ ಮಾತು ವಾಪಸ್ 😄 ಆದರೆ ಹಿಂದೆ ಸರಿಸುವಾಗ ಚೈನ್ ಚಕ್ರದ ಮೇಲಿನ ಏರು ಜಾಗಕ್ಕೆ ಹತ್ತದ ಹಾಗೆ ನೋಡಿಕೊಳ್ಳಿ. ಮೆಷಿನ್ ವಾಲುತ್ತೆ, ಕ್ಯಾಬಿನ್ ಎತ್ತರವೂ ಏರುತ್ತೆ. ಟೇಪ್ ಹಿಡಿದು ಅಳೆಯಿರಿ.

ಹಾಸನ_ಲೋಬೆಡ್:
ಇವತ್ತು ಮಾಡಿದೆ. ಬ್ರೇಕರ್ ಹಿಂದೆ, ಮೆಷಿನ್ ಎರಡೂವರೆ ಅಡಿ ಹಿಂದೆ. ಸ್ಟೇರಿಂಗ್ 5,720, ಹಾರ್ಸ್ ಹಿಂದಿನದು 11,190, ಟ್ರೇಲರ್ 21,590. ಚೈನ್ ಏರಿನಿಂದ ಒಂದು ಗೇಣು ಈಚೆ ನಿಂತಿದೆ. ಸರಪಳಿ ನಾಲ್ಕೂ ಮೂಲೆಗೆ ಹೊಸದಾಗಿ ಬಿಗಿದೆ, ಬ್ರೇಕರ್‌ಗೂ ಎರಡು. ಡೆಕ್ ಮೇಲೆ ಚೈನ್ ನಿಲ್ಲುವ ಜಾಗಕ್ಕೆ ಹಳದಿ ಪೇಂಟ್‌ನಲ್ಲಿ ಗೆರೆ ಎಳೆದಿದ್ದೀನಿ, ಆಪರೇಟರ್ ಯಾರೇ ಬಂದರೂ ಅಲ್ಲಿಗೇ ನಿಲ್ಲಿಸಲಿ ಅಂತ.

ಗ್ರೀಸ್_ಕೈ:
ಗೆರೆ ಪಕ್ಕ "20 ಟನ್, ಬ್ರೇಕರ್ ಹಿಂದೆ" ಅಂತ ಬರೆದಿಡಿ. ನಾಳೆ 14 ಟನ್ ಮೆಷಿನ್ ಬಂದರೆ ಅದೇ ಗೆರೆ ನೋಡಿ ನಿಲ್ಲಿಸಿಬಿಡ್ತಾರೆ.