ನೆಲಗಪ್ಪೆ ಕಮಿಷನರ್ ಮತ್ತು ನಮ್ಮ ಮಕ್ಕಳ ಕನ್ನಡ

ಎಲ್ಲರಿಗೂ ನಮಸ್ಕಾರ. "ಮಗುವಿಗೆ ಕನ್ನಡ ಅರ್ಥವಾಗುತ್ತೆ, ಆದರೆ ಉತ್ತರ ಮಾತ್ರ ಇಲ್ಲಿನ ಭಾಷೆಯಲ್ಲಿ ಕೊಡುತ್ತೆ, ಏನು ಮಾಡೋದು?" ಈ ಪ್ರಶ್ನೆ ಹೊರದೇಶದಲ್ಲಿರುವ ಕನ್ನಡ ಅಪ್ಪ ಅಮ್ಮಂದಿರ ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ವಾರಾಂತ್ಯದ ಕನ್ನಡ ಶಾಲೆ, ಕಾರ್ಟೂನು, ಊರಿನವರ ಜೊತೆ ವಿಡಿಯೋ ಕಾಲ್, ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ನಮ್ಮ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಇನ್ನೊಂದು ದಾರಿ ಇದೆ. ಪ್ರಾಣಿಗಳೇ ಪತ್ತೇದಾರರಾಗಿರುವ ಚಿತ್ರಪುಸ್ತಕಗಳು. ಪುಸ್ತಕ ಯಾವ ಭಾಷೆಯದ್ದಾದರೂ ಇರಲಿ, ಮಾತು ಕನ್ನಡದಲ್ಲಿ ನಡೆಯಲಿ.

ನಮ್ಮ ಮನೆಗಳಲ್ಲಿ ಕನ್ನಡ ಎಲ್ಲಿಗೆ ನಿಂತುಬಿಡುತ್ತೆ ನೋಡಿ. ಬಾ, ತಿನ್ನು, ಹಲ್ಲುಜ್ಜು, ಜಾಕೆಟ್ ಹಾಕ್ಕೋ, ಬೇಗ ಮಲಗು. ಇದಕ್ಕೆಲ್ಲ ಮಗು ಬಾಯಿ ತೆರೆಯಬೇಕಾಗಿಲ್ಲ. ಹೂಂ ಅಂದರೆ ಸಾಕು, ಅನ್ನದಿದ್ದರೂ ನಡೆಯುತ್ತೆ. ಯಾರು ಮಾಡಿರಬಹುದು, ಯಾಕೆ ಮಾಡಿದರು, ನಿನಗೆ ಹೇಗೆ ಗೊತ್ತಾಯ್ತು ಅಂತ ಉದ್ದಕ್ಕೆ ಮಾತಾಡುವ ಸಂದರ್ಭವೇ ಬರೋದಿಲ್ಲ. ಅಂಥ ಮಾತೆಲ್ಲ ಶಾಲೆಯಲ್ಲಿ, ಗೆಳೆಯರ ಜೊತೆ, ಇಲ್ಲಿನ ಭಾಷೆಯಲ್ಲಿ ಆಗಿಹೋಗುತ್ತೆ. ಪತ್ತೇದಾರಿ ಕತೆ ಹಿಡಿದು ಕೂತರೆ ಮಾತ್ರ ಆ ಮಾತು ಮನೆಯಲ್ಲೂ ಆಡಲೇಬೇಕಾಗುತ್ತೆ.

ನಾವಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಸಂಜೆ ಅನ್ನೋದು ಬಹಳ ಉದ್ದ. ಲೈಬ್ರರಿಯಿಂದ ಚೀಲದ ತುಂಬ ಪುಸ್ತಕ ತರುವುದು ಇಲ್ಲಿನ ಬಹಳ ಮನೆಗಳ ಅಭ್ಯಾಸ. ಹಾಗೆ ನಮ್ಮ ಮನೆಗೆ ಬಂದವನು ಕಮಿಷನರ್ ಗೋರ್ಡನ್. ಬರೆದವರು ಉಲ್ಫ್ ನಿಲ್ಸನ್, ಚಿತ್ರ ಬಿಡಿಸಿದವರು ಗಿಟ್ಟೆ ಸ್ಪೇ. ಸ್ಪೇ ಹುಟ್ಟಿದ್ದು ಇಂಡೊನೇಷ್ಯಾದ ಸುರಬಾಯದಲ್ಲಿ, ನೆಲೆಸಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಸರಣಿಯ ಮೊದಲ ಪುಸ್ತಕ ಸ್ವೀಡಿಷಿನಲ್ಲಿ ಬಂದದ್ದು 2012ರಲ್ಲಿ.

ಗೋರ್ಡನ್ ಕಾಡಿನ ಪೊಲೀಸ್ ಮುಖ್ಯಸ್ಥ, ವಯಸ್ಸಾದ ನೆಲಗಪ್ಪೆ. ನಿಧಾನದ ಪ್ರಾಣಿ. ಹೊತ್ತುಹೊತ್ತಿಗೆ ಟೀ ಮತ್ತು ಕೇಕು ಇರಲೇಬೇಕು. ಕಾಗದಕ್ಕೆ ಠಸ್ಸೆ ಒತ್ತುವುದೆಂದರೆ ಬಹಳ ಇಷ್ಟ. ಚಳಿಗಾಲದ ಒಂದು ದಿನ ಅಳಿಲು ಓಡಿ ಬಂದು ದೂರು ಕೊಡುತ್ತೆ, ತಾನು ಕೂಡಿಟ್ಟ ಕಾಯಿಗಳನ್ನು ಯಾರೋ ಕದ್ದಿದ್ದಾರೆ ಅಂತ. ಗೋರ್ಡನ್ ಹಿಮದಲ್ಲಿ ಕಾವಲು ನಿಂತು ಚಳಿಗೆ ಮರಗಟ್ಟಿಹೋಗುತ್ತಾನೆ. ಅಷ್ಟರಲ್ಲಿ ಪುಟ್ಟ ಇಲಿಯೊಂದು ಬಂದು ಒಂದು ಕಾಯಿ ಎತ್ತಿಕೊಳ್ಳುತ್ತೆ. ಹಿಡಿಯಲು ಬಂದ ಪೊಲೀಸ್ ಅಲುಗಾಡೋಕೂ ಆಗದ ಸ್ಥಿತಿಯಲ್ಲಿರುತ್ತಾನೆ. ಅವನಿಗೆ ಸಹಾಯ ಮಾಡುವವಳು ಅದೇ ಇಲಿ! ಅವಳಿಗೆ ಹೊಟ್ಟೆಗಿಲ್ಲ, ಹೆಸರು ಕೂಡ ಇಲ್ಲ. ಗೋರ್ಡನ್ ಅವಳಿಗೆ ಕೇಕು ಕೊಡುತ್ತಾನೆ, ಬಫಿ ಅಂತ ಹೆಸರಿಡುತ್ತಾನೆ, ಸಹಾಯಕಿಯಾಗಿ ಕೆಲಸಕ್ಕೂ ಸೇರಿಸಿಕೊಳ್ಳುತ್ತಾನೆ. ಇಷ್ಟೊಂದು ಕಾಯಿ ಹೊತ್ತೊಯ್ದ ನಿಜವಾದ ಕಳ್ಳರು ಯಾರು ಅಂತ ನಾನಿಲ್ಲಿ ಹೇಳೋದಿಲ್ಲ, ನಿಮ್ಮ ಮಕ್ಕಳ ಮಜಾ ಹಾಳಾಗುತ್ತೆ.

ಬಫಿ ಕಾಯಿ ಎತ್ತಿಕೊಂಡ ಜಾಗಕ್ಕೆ ಬಂದಾಗ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ನಮ್ಮತ್ತೆ ವಿಡಿಯೋ ಕಾಲ್‌ನಲ್ಲಿದ್ದರು. ಮಗಳು ಪುಸ್ತಕವನ್ನು ಫೋನಿನ ಮುಂದೆ ಹಿಡಿದು ಚಿತ್ರ ತೋರಿಸಿದಳು. ಅತ್ತೆ ಸಹಜವಾಗಿ, "ಅಯ್ಯೋ, ಕೇಳಿ ತಗೋಬೇಕಿತ್ತಲ್ವಾ ಪುಟ್ಟಾ, ಹಾಗೆಲ್ಲ ಎತ್ಕೋಬಾರದು" ಅಂದರು. ಮಗಳಿಗೆ ಸಿಟ್ಟೇ ಬಂತು.

"ಕೇಳಿದ್ರೆ ಕೊಡ್ತಿತ್ತಾ ಅಜ್ಜಿ? ಆ ಅಳಿಲು ಬರೀ ಎಣಿಸ್ತಾ ಕೂತಿರತ್ತೆ!"

"ಆದ್ರೂ ಅದು ಅಳಿಲಿಂದೇ ಅಲ್ವೇನೇ?"

"ಅವಳಿಗೆ ಹಸಿವಾಗಿತ್ತು. ಒಂದೇ ಒಂದು ತಗೊಂಡ್ಳು. ಜಾಸ್ತಿ ಕದ್ದಿದ್ದು ಬೇರೆಯವ್ರು. ಅವಳ ಕೈ ನೋಡು ಅಜ್ಜಿ, ಎಷ್ಟು ಚಿಕ್ಕದಿದೆ. ಅಷ್ಟೆಲ್ಲ ಎತ್ಕೊಂಡು ಹೋಗಕ್ಕಾಗಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಇಲಿಯ ಕೈ ನೋಡಿದರು. ಆಮೇಲೆ ಹೌದಲ್ಲ, ಒಬ್ಬಳಿಂದ ಆಗುವ ಕೆಲಸ ಅಲ್ಲ ಇದು ಅಂತ ಒಪ್ಪಿಕೊಂಡರು. "ಊಟ ಆಯ್ತಾ, ಶಾಲೆ ಹೇಗಿದೆ" ಅನ್ನುವ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತಿದ್ದ ಕಾಲ್ ಅವತ್ತು ಇಬ್ಬರಿಗೂ ಸಾಕಾಗಲೇ ಇಲ್ಲ. ಮಗಳು ಸಾಕ್ಷಿ ತೋರಿಸಿದಳು, ಕಾರಣ ಕೊಟ್ಟಳು, ವಾದ ಗೆದ್ದಳು. ಅಷ್ಟೂ ಕನ್ನಡದಲ್ಲಿ. ಅಜ್ಜಿಗೆ ಸ್ವೀಡಿಷ್ ಬರದಿರುವುದೇ ಇಲ್ಲಿ ದೊಡ್ಡ ಲಾಭವಾಯಿತು.

ಪ್ರಾಣಿ ಕತೆಗಳಿಗೆ ನಮ್ಮಲ್ಲೇನೂ ಬರವಿಲ್ಲ. ದುರ್ಗಸಿಂಹ ಪಂಚತಂತ್ರವನ್ನು 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದಿದ್ದ. ಅವುಗಳನ್ನೂ ಹೇಳಿ, ಖಂಡಿತ ಹೇಳಿ. ಆದರೆ ಅಲ್ಲಿ ನರಿಯ ಸಂಚು ಕೇಳುವವರಿಗೆ ಮೊದಲೇ ಗೊತ್ತಿರುತ್ತೆ, ಮಗು ಸುಮ್ನೆ ಕೂತು ಕೇಳುತ್ತೆ. ಪತ್ತೇದಾರಿ ಕತೆಯಲ್ಲಿ ಓದುತ್ತಿರುವ ಅಪ್ಪ ಅಮ್ಮನಿಗೂ ಕಳ್ಳ ಯಾರು ಅಂತ ಗೊತ್ತಿರೋದಿಲ್ಲ. ನಮಗಿಂತ ಮೊದಲು ಕಂಡುಹಿಡಿಯಬೇಕು ಅನ್ನುವ ಹಟ ಮಕ್ಕಳಿಗೆ ಬರುತ್ತೆ. ಚಿತ್ರ ಇರುವುದರಿಂದ ಅವರಿಗೆ ಅದು ಸಾಧ್ಯವೂ ಆಗುತ್ತೆ. ನಾವು ಅಕ್ಷರದ ಹಿಂದೆ ಓಡುತ್ತಿರುವಾಗ ಅವರ ಕಣ್ಣು ಮೂಲೆಯಲ್ಲಿರುವ ಸಣ್ಣ ವಸ್ತುವಿನ ಮೇಲಿರುತ್ತೆ.

ಹೇಗೆ ಓದುತ್ತೇವೆ ಅಂತ ಕೆಲವರು ಕೇಳಬಹುದು. ನಾನು ಪುಟವನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಸಾಲು ಸಾಲಾಗಿ ಅನುವಾದ ಮಾಡಲು ಹೋಗಬೇಡಿ, ಉಸಿರು ಕಟ್ಟುತ್ತೆ. ಕತೆ ಹೇಳಿ, ಅಷ್ಟೇ. ಹೊಸ ಪುಟ ತಿರುಗಿಸಿದಾಗ ಮೊದಲು ಚಿತ್ರ ನೋಡಲು ಬಿಡಿ. "ಇಲ್ಲೇನಾಗಿದೆ?" ಅಂತ ಕೇಳಿ ಕಾಯಿರಿ. ಮಗು ಸ್ವೀಡಿಷಿನಲ್ಲಿ ಉತ್ತರ ಕೊಟ್ಟರೆ ತಿದ್ದಬೇಡಿ, "ಹಾಗಂತೀಯಾ? ಅಳಿಲಿನ ಮೇಲೆ ಯಾಕೆ ಅನುಮಾನ?" ಅಂತ ಕನ್ನಡದಲ್ಲೇ ಮುಂದಿನ ಪ್ರಶ್ನೆ ಹಾಕಿ. ಒಂದು ಅಧ್ಯಾಯಕ್ಕೆ ನಿಲ್ಲಿಸಿಬಿಡಿ. ಮಾರನೆಯ ದಿನ ತಿಂಡಿ ತಿನ್ನುವಾಗ ಅವರೇ ಮಾತು ತೆಗೆಯುತ್ತಾರೆ.

ರಾತ್ರಿ ಹೊತ್ತು ಕಳ್ಳತನದ ಕತೆ ಹೇಳಿದರೆ ಹೆದರಲ್ವಾ ಅನ್ನುವ ಚಿಂತೆ ಇರುವವರಿಗೆ ಈ ಸರಣಿ ಒಳ್ಳೆಯದು. ರಕ್ತ ಇಲ್ಲ, ಕೊಲೆ ಇಲ್ಲ. ಐದರಿಂದ ಎಂಟು ವರ್ಷದವರಿಗೆ ಹೇಳಿ ಮಾಡಿಸಿದ ಹಾಗಿದೆ. ಹೆಸರೂ ನೆಲೆಯೂ ಇಲ್ಲದೆ ಬಂದ ಬಫಿಗೆ ಕೆಲಸ ಸಿಕ್ಕಿ, ಗೌರವ ಸಿಗುವುದನ್ನು ಹೊಸ ದೇಶದಲ್ಲಿ ಬೆಳೆಯುತ್ತಿರುವ ಮಕ್ಕಳು ಬಹಳ ಹತ್ತಿರದಿಂದ ಅನುಭವಿಸುತ್ತಾರೆ. ನಮ್ಮ ಮಗಳಿಗಂತೂ ಗೋರ್ಡನ್‌ಗಿಂತ ಬಫಿಯೇ ಮುಖ್ಯ.

ಬೇರೆ ದೇಶಗಳಲ್ಲಿ ಇರುವವರಿಗೆ ಇಂಗ್ಲಿಷಿನಲ್ಲೂ ಇದು ಸಿಗುತ್ತೆ. ನ್ಯೂಜಿಲೆಂಡಿನ ಗೆಕೊ ಪ್ರೆಸ್ 2015ರಿಂದ ಪ್ರಕಟಿಸಿದೆ. ಲಂಡನ್ ಕಡೆಯವರು ಸ್ವಲ್ಪ ದೊಡ್ಡ ಮಕ್ಕಳಿಗೆ ಈವ್ ಟೈಟಸ್ ಬರೆದ ಬೇಸಿಲ್ ಎಂಬ ಇಲಿಯ ಕತೆ ಹುಡುಕಬಹುದು. 1958ರಲ್ಲಿ ಶುರುವಾದ ಸರಣಿ. ಬೇಸಿಲ್ ಇರೋದು ಬೇಕರ್ ಸ್ಟ್ರೀಟಿನಲ್ಲಿ, ಷರ್ಲಾಕ್ ಹೋಮ್ಸ್ ಮನೆಯ ನೆಲಮಾಳಿಗೆಯಲ್ಲಿ. ಹೋಮ್ಸ್ ಮಾತಾಡುವುದನ್ನು ಕದ್ದು ಕೇಳಿ ಪತ್ತೇದಾರಿಕೆ ಕಲಿತವನು! ಕತೆ ಓದಿದ ಮೇಲೆ ಮಕ್ಕಳನ್ನು ಅದೇ ಬೀದಿಯಲ್ಲಿ ನಡೆಸಿಕೊಂಡು ಹೋಗುವ ಭಾಗ್ಯ ನಿಮಗಿದೆ.

ಹೀಗೆ ಮಾಡಿದರೆ ಕನ್ನಡ ಮಾತು ಬರುತ್ತೆ, ಓದು ಬರೋದಿಲ್ಲ. ಅದಕ್ಕೆ ಬೇರೆ ಕೆಲಸ ಮಾಡಲೇಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ, ಕಷ್ಟದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಅಲ್ಲಿನ ಚಿತ್ರಗಳನ್ನು ಬಳಸಿ ನಾವೇ ಹೊಸ ಕತೆ ಬರೆಯಲೂಬಹುದು. ಗೋರ್ಡನ್‌ನಂಥ ಅಧ್ಯಾಯಗಳಿರುವ ಪ್ರಾಣಿ ಪತ್ತೇದಾರಿ ಪುಸ್ತಕ ಕನ್ನಡದಲ್ಲಿ ಇನ್ನೂ ಬೇಕಷ್ಟು ಬರಬೇಕು. ಊರಿನ ಕಡೆ ಬರೆಯುವ, ಚಿತ್ರ ಬಿಡಿಸುವ ಗೆಳೆಯರು ಇದ್ದರೆ ದಯವಿಟ್ಟು ಕಿವಿಗೆ ಹಾಕಿ.

ಸ್ವೀಡನ್ನಿನವರಿಗೆ ಇನ್ನೊಂದು ಮಾತು. ಶಾಲೆಯಲ್ಲಿ ಮಾತೃಭಾಷಾ ಪಾಠ ಕೇಳುವುದು ನಮ್ಮ ಹಕ್ಕು. ಸಾಮಾನ್ಯವಾಗಿ ಒಂದು ಮುನ್ಸಿಪಾಲಿಟಿಯಲ್ಲಿ ಕನ್ನಡಕ್ಕೆ ಐದು ಮಕ್ಕಳು ಕೇಳಿ, ಸರಿಯಾದ ಶಿಕ್ಷಕರು ಸಿಕ್ಕರೆ ಮುನ್ಸಿಪಾಲಿಟಿಯವರು ಪಾಠ ಏರ್ಪಡಿಸಬೇಕು. ಒಬ್ಬೊಬ್ಬರೇ ಅರ್ಜಿ ಹಾಕಿ ಸುಮ್ಮನಾಗುವ ಬದಲು ಒಟ್ಟಿಗೆ ಹಾಕೋಣ.

ನವೆಂಬರಿನ ರಾಜ್ಯೋತ್ಸವಕ್ಕೆ ಈ ಸಲ ಮಕ್ಕಳಿಗೆ ಉರು ಹೊಡೆಸಿದ ಭಾಷಣ ಬೇಡ ಅಂತ ನನ್ನ ಆಸೆ. ಅವರೇ ಒಂದು ಪತ್ತೇದಾರಿ ಕತೆ ಕಟ್ಟಲಿ. ಸಭೆಗೆ ತಂದಿದ್ದ ಮೈಸೂರು ಪಾಕಿನ ಡಬ್ಬಿ ಖಾಲಿ, ತಿಂದವರು ಯಾರು? ಚಿತ್ರ ಅವರೇ ಬಿಡಿಸಲಿ, ಯಾವ ಪ್ರಾಣಿ ಪತ್ತೇದಾರ ಅಂತ ಅವರೇ ಆರಿಸಲಿ. ವೇದಿಕೆ ಮೇಲೆ ದೊಡ್ಡವರನ್ನು ಕನ್ನಡದಲ್ಲಿ ವಿಚಾರಣೆ ಮಾಡಲಿ. ಆಸಕ್ತಿ ಇರುವವರು ಮಗುವಿನ ವಯಸ್ಸು ಮತ್ತು ನೀವಿರುವ ಊರು ಇಲ್ಲಿ ಬರೆಯಿರಿ. ಗೋಥೆನ್‌ಬರ್ಗ್‌ನ ಮಕ್ಕಳನ್ನು ಕೂಡಿಸುವ ಹೊಣೆ ನನಗಿರಲಿ.